ಎಲೆ ಕಚ್ಚಿಕೊಂಡ ಗಂಟೆ

ನಾನು ಒಂದು ಮರದ ಗಂಟೆ. ಗುಡಿಯಲ್ಲಿ ತೂಗುವ ಗಂಟೆಯಲ್ಲ, ಶಾಲೆಯಲ್ಲಿ ಬಾರಿಸುವ ಗಂಟೆಯೂ ಅಲ್ಲ. ದನದ ಕೊರಳಿಗೆ ಕಟ್ಟುವಂಥದ್ದು. ಬೊಗಸೆಯಷ್ಟು ಹೊಟ್ಟೆ, ಅದರೊಳಗೆ ನೇತಾಡುವ ಎರಡು ನಾಲಿಗೆ, ನೆತ್ತಿಯಲ್ಲಿ ಹಗ್ಗ ಪೋಣಿಸುವ ತೂತು. ನನ್ನ ಮೈ ಎಂದರೆ ಇಷ್ಟೇ. ಈಗ ನನ್ನ ಬಾಯಿಗೆ ಮುತ್ತುಗದ ಎಲೆ ತುರುಕಿದ್ದಾರೆ. ಹಾಗಾಗಿ ಈ ಕಥೆಯನ್ನು ಸದ್ದು ಮಾಡದೆ ಹೇಳಬೇಕಾಗಿದೆ. ಕೇಳುವವರು ಸ್ವಲ್ಪ ಹತ್ತಿರ ಬಂದು ಕೂರಬೇಕು.

ಗಂಟೆಯಾಗುವ ಮೊದಲು ನಾನು ಶಿವನೆ ಮರದ ಒಂದು ಕೊಂಬೆಯಾಗಿದ್ದೆ. ಘಟ್ಟದ ಕೆಳಗೆ, ಗೋವೆಯ ಸೀಮೆಯಲ್ಲಿ, ಒಂದು ಹೊಳೆಯ ದಂಡೆಯ ಮೇಲೆ. ಆ ಕಾಲದ ನೆನಪು ಹೆಚ್ಚಿಲ್ಲ. ಬುಡದಲ್ಲಿ ಹರಿಯುತ್ತಿದ್ದ ನೀರಿನ ತಂಪು, ಹಳದಿ ಹೂ ಉದುರಿದಾಗ ಮೈ ಹಗುರಾಗುತ್ತಿದ್ದದ್ದು, ಅಷ್ಟೇ ನೆನಪು. ಮರಕ್ಕೆ ಮಾತಿಲ್ಲ. ಮಾತಿಲ್ಲ ಎಂಬ ಕೊರತೆಯೂ ಅದಕ್ಕೆ ಇಲ್ಲ. ಮಾತು ಬಂದ ಮೇಲೆಯೇ ನನಗೆ ಮೌನ ಎಂದರೇನೆಂದು ಗೊತ್ತಾಯಿತು.

ನನಗೆ ಮಾತು ಕೊಟ್ಟವನು ಇನಾಸಜ್ಜ. ಅವನು ಆ ಊರಿನ ದೊಡ್ಡ ಜಮೀನಿನ ಒಡೆಯನ ಮನೆಯಲ್ಲಿ ಗುಲಾಮ. ಜನ ಆ ಒಡೆಯನನ್ನು ಭಾಟ್ಕಾರ ಎನ್ನುತ್ತಿದ್ದರು. ಇನಾಸಜ್ಜ ಇನ್ನೂ ಮೀಸೆ ಮೂಡದ ವಯಸ್ಸಿನಲ್ಲಿ ಪರಂಗಿಯವರ ಹಡಗಿನ ತಳದಲ್ಲಿ ಕೂತು, ಸಮುದ್ರದಾಚೆಯ ಆಫ್ರಿಕದ ದಡದಿಂದ ಬಂದವನಂತೆ. ಅಲ್ಲಿ ಅವನಿಗೆ ಬೇರೆ ಹೆಸರಿತ್ತು. ಆ ಹೆಸರನ್ನು ಅವನು ಯಾರಿಗೂ ಹೇಳುತ್ತಿರಲಿಲ್ಲ. ಗಂಟೆ ಕೆತ್ತುವಾಗ ಮಾತ್ರ ತುಟಿಯಲ್ಲೇ ಏನೋ ಅಂದುಕೊಳ್ಳುತ್ತಿದ್ದ. ಅದು ಆ ಹೆಸರೇ ಇರಬೇಕು ಎಂದು ನನಗೆ ಅನ್ನಿಸುತ್ತದೆ.

ಅವನು ಕೆತ್ತುತ್ತಿದ್ದದ್ದು ತೀರಾ ನಿಧಾನ. ಒಂದು ಚಕ್ಕೆ ತೆಗೆಯುವನು, ಬೆರಳ ಗಣ್ಣಿನಿಂದ ತಟ್ಟುವನು, ಕಿವಿಗೆ ಹಿಡಿಯುವನು, ಮತ್ತೆ ಒಂದು ಚಕ್ಕೆ. ನನ್ನ ಎಡಗಡೆಯ ಗೋಡೆಯನ್ನು ಬಲಗಡೆಗಿಂತ ತೆಳ್ಳಗೆ ಮಾಡಿದ. ಗಟ್ಟಿ ಖೈರದ ಮರದ ತುಂಡಿನಿಂದ ಎರಡು ನಾಲಿಗೆ ಮಾಡಿ ಕಟ್ಟಿ, ಅಲ್ಲಾಡಿಸಿದ. ಎಡಕ್ಕೆ ಬಡಿದಾಗ ಒಂದು ಸ್ವರ, ಬಲಕ್ಕೆ ಬಡಿದಾಗ ಅದಕ್ಕಿಂತ ಆಳದ ಇನ್ನೊಂದು. ಯಾರೋ ಕರೆದಂತೆ, ಅದಕ್ಕೆ ಯಾರೋ ದೂರದಿಂದ ಓಗೊಟ್ಟಂತೆ. ಇನಾಸಜ್ಜ ನಕ್ಕ. ಮುಂದಿನ ಹಲ್ಲುಗಳಿರದ ಆ ಬಾಯಿಯೇ ನಾನು ನೋಡಿದ ಮೊದಲ ಮುಖ.

ಆ ಮನೆಯಲ್ಲಿ ಒಂದು ಕ್ರಮವಿತ್ತು. ದನಕ್ಕೊಂದು ಗಂಟೆ, ಗಂಟೆಗೊಂದು ಸ್ವರ, ಒಂದರಂತೆ ಇನ್ನೊಂದಿಲ್ಲ. ದನ ಸತ್ತರೆ ಅದರ ಗಂಟೆಯನ್ನು ಬೇರೊಂದಕ್ಕೆ ಕಟ್ಟುವಂತಿಲ್ಲ, ಕೊಟ್ಟಿಗೆಯ ತೊಲೆಗೆ ತೂಗುಹಾಕಬೇಕು. ಸಂಜೆ ಮಂದೆ ಮನೆಗೆ ತಿರುಗುವ ಹೊತ್ತಿಗೆ ಇನಾಸಜ್ಜ ಕೊಟ್ಟಿಗೆಯ ಕಂಬಕ್ಕೊರಗಿ, ಕಣ್ಣು ಮುಚ್ಚಿ ಕೂರುತ್ತಿದ್ದ. ಕಾಡಿನ ಕಡೆಯಿಂದ ಸದ್ದು ಬಂದ ಹಾಗೆ, "ಕೆಂಪಿ ಬಂದಳು. ಬೋಳಿ ಬಂದಳು. ಆ ಹೋರಿ ಇವತ್ತೂ ಕುಂಟುತ್ತಾ ಇದೆ," ಎಂದು ಒಂದೊಂದನ್ನೇ ಒಳಗೆ ಕರೆದುಕೊಳ್ಳುತ್ತಿದ್ದ. ಎಲ್ಲವೂ ಬಂದ ಮೇಲೆಯೇ ಕಣ್ಣು ಬಿಡುತ್ತಿದ್ದ.

ನನ್ನನ್ನು ಚಂದ್ರಿಯ ಕೊರಳಿಗೆ ಕಟ್ಟಿದರು. ಹಣೆಯಲ್ಲಿ ಬಿಳಿ ಬೊಟ್ಟಿದ್ದ ಕಪ್ಪು ಹಸು. ಭಾಟ್ಕಾರನಿಗೆ ಅವಳ ಹಾಲೇ ಬೇಕು, ಬೇರೆಯದು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅವಳನ್ನೂ ಉಳಿದ ದನಗಳನ್ನೂ ಮೇಯಿಸುತ್ತಿದ್ದವಳು ಜುಲ್ಯಾನ. ಎತ್ತರದ ಹುಡುಗಿ, ಮಾತು ಕಡಿಮೆ. ಅವಳ ತಾಯಿಯೂ ಹಡಗಿನಲ್ಲಿ ಬಂದವಳೇ, ಆ ಮನೆಯಲ್ಲೇ ದುಡಿದು ಸತ್ತಿದ್ದಳು. ಚಂದ್ರಿಯ ತೊಡೆಯ ಮೇಲೆ ಆ ಮನೆಯ ಮುದ್ರೆಯನ್ನು ಕಾಸಿ ಒತ್ತಿದ್ದರು. ಅದೇ ಮುದ್ರೆ ಜುಲ್ಯಾನಳ ಬಲಭುಜದ ಮೇಲೂ ಇತ್ತು. ಮಧ್ಯಾಹ್ನ ಮರದ ನೆರಳಲ್ಲಿ ಹಸು ಮಲಗಿದಾಗ ಅವಳು ಅದರ ಹೊಟ್ಟೆಗೆ ಒರಗಿ, ಒಂದು ಕೈಯಿಂದ ಅದರ ಮುದ್ರೆಯನ್ನೂ ಇನ್ನೊಂದು ಕೈಯಿಂದ ತನ್ನದನ್ನೂ ಸವರುತ್ತಾ ಕೂರುತ್ತಿದ್ದಳು. ಏನು ಯೋಚಿಸುತ್ತಿದ್ದಳೋ. ಅವಳ ಉಸಿರಿಗೆ ನಾನು ಮೆಲ್ಲಗೆ ಅಲ್ಲಾಡುತ್ತಿದ್ದೆ.

ಜುಲ್ಯಾನಳಿಗೆ ಒಬ್ಬಳೇ ತಂಗಿ, ಆನ್ನು. ಅವಳು ಮನೆಯೊಳಗಿನ ಆಳು. ಭಾಟ್ಕಾರನ ಮುದಿ ತಾಯಿ ದೊಡ್ಡಮ್ಮನ ಕಾಲೊತ್ತುವುದು, ಗಾಳಿ ಬೀಸುವುದು, ಅವಳ ಮಂಚದ ಬುಡದಲ್ಲೇ ಮಲಗುವುದು. ಅಂಗಳ ದಾಟುವಂತಿರಲಿಲ್ಲ. ಅಕ್ಕತಂಗಿಯರು ಒಬ್ಬರನ್ನೊಬ್ಬರು ನೋಡುತ್ತಿದ್ದದ್ದು ಬೆಳಿಗ್ಗೆ ಒಂದು ಸಲ, ಅಡುಗೆಮನೆಯ ಹಿಂಬಾಗಿಲಲ್ಲಿ. ಅಕ್ಕಿ ತೊಳೆದ ನೀರಿಗೆ ಒಂದಿಷ್ಟು ತೌಡು ಕದಡಿ ಆನ್ನು ಹೊರಗೆ ತರುತ್ತಿದ್ದಳು. "ಚಂದ್ರೀ, ಅಕ್ಕಚ್ಚು!" ಎಂದು ರಾಗವಾಗಿ ಕರೆಯುತ್ತಿದ್ದಳು. ಚಂದ್ರಿ ಮಡಕೆಗೆ ಮೂತಿಯಿಟ್ಟು ಹೀರುವಷ್ಟು ಹೊತ್ತು ಇಬ್ಬರಿಗೂ ಮಾತು. ಯಾರಿಗೂ ಕೇಳಿಸಬಾರದೆಂದು ಜುಲ್ಯಾನ ನನ್ನನ್ನು ಸುಮ್ಮನೆ ಅಲ್ಲಾಡಿಸುತ್ತಾ ಇರುತ್ತಿದ್ದಳು. ನನ್ನ ಸದ್ದಿನ ಕೆಳಗೆ ಅವರ ಪಿಸುಮಾತು ಅಡಗಿ ಕೂರುತ್ತಿತ್ತು. ನಾನು ಮಾಡಿದ ಮೊದಲ ಒಳ್ಳೆಯ ಕೆಲಸ ಅದು.

ಒಂದು ಬೆಳಿಗ್ಗೆ ಆನ್ನು ಅಳುತ್ತಾ ಬಂದಳು.

"ಒಡೆಯರ ಸಣ್ಣ ಮಗಳ ಮದುವೆ ಗೊತ್ತಾಯ್ತಂತೆ ಅಕ್ಕ. ಬಳುವಳಿ ಕೊಡ್ತಾರಂತೆ. ಮಂಚ, ಬೀಟೆಯ ಪೆಟ್ಟಿಗೆ, ಬೆಳ್ಳಿ ದೀಪ, ಮತ್ತೆ ನೀನು."

"ನಾನಾ?"

"ಹ್ಞೂಂ. ಗಂಡಿನ ಮನೆ ಎಲ್ಲೋ ಹಡಗು ಹತ್ತಿ ಹೋಗುವಷ್ಟು ದೂರವಂತೆ. ದೊಡ್ಡಮ್ಮ ಹೇಳ್ತಾ ಇದ್ದಳು."

ಜುಲ್ಯಾನ ನನ್ನನ್ನು ಅಲ್ಲಾಡಿಸುವುದನ್ನೇ ಮರೆತಳು. ಮತ್ತೆ ನೆನಪಾಗಿ ಜೋರಾಗಿ ಅಲ್ಲಾಡಿಸಿದಳು.

"ನಿನ್ನ ಬಿಟ್ಟು ನಾ ಎಲ್ಲೂ ಹೋಗೂದಿಲ್ಲ. ಮೋರೆ ಒರೆಸಿಕೋ. ಅತ್ತ ಮೋರೆ ನೋಡಿದರೆ ಆ ಮುದುಕಿ ಬಾಯಿ ಬಿಡಿಸ್ತಾಳೆ."

ಅದೇ ವಾರ ಹುಲಿ ಬಂತು. ಕಣಿವೆಯ ಆಳದಲ್ಲಿ, ನೀರಿನ ಹತ್ತಿರ. ನಾನು ಚಂದ್ರಿಯ ಗಂಟಲ ಕೆಳಗಿದ್ದೆ, ನನಗೆ ಹುಲ್ಲು ಮಾತ್ರ ಕಾಣುತ್ತಿತ್ತು. ಇದ್ದಕ್ಕಿದ್ದಂತೆ ಆಕಾಶ ಕಂಡಿತು. ನನ್ನ ಎರಡೂ ನಾಲಿಗೆಗಳು ಒಮ್ಮೆಗೇ ಹುಚ್ಚು ಹಿಡಿದಂತೆ ಬಡಿದುಕೊಂಡವು. ಆಮೇಲೆ ಕತ್ತರಿಸಿದಂತೆ ನಿಂತವು. ಕಾಡಂಚಿನ ಜನಕ್ಕೆಲ್ಲ ಗೊತ್ತಿರುವ ಸದ್ದು ಅದು. ಮೇಯುವ ದನದ ಗಂಟೆ ಬಿಟ್ಟು ಬಿಟ್ಟು ಬಡಿಯುತ್ತದೆ, ಓಡುವ ದನದ ಗಂಟೆ ಬಿಡದೆ ಬಡಿಯುತ್ತದೆ. ಹೀಗೆ ಒಂದೇ ಸಲ ಒದರಿ ಸತ್ತಂತೆ ನಿಂತರೆ ಹುಲಿ ಹಿಡಿಯಿತು ಎಂದೇ ಲೆಕ್ಕ. ಆ ದಿನ ಅದು ಕಣಿವೆಯ ಹೊಟ್ಟೆಯಲ್ಲಿ ನಡೆದದ್ದರಿಂದ ಮೇಲೆ ಯಾರಿಗೂ ಕೇಳಿಸಲಿಲ್ಲ.

ಜುಲ್ಯಾನ ಕಿರುಚುತ್ತಾ, ಕಲ್ಲೆಸೆಯುತ್ತಾ ಓಡಿ ಬಂದಳು. ಹುಲಿ ಸ್ವಲ್ಪ ದೂರ ಸರಿದು ಪೊದೆಯೊಳಗೆ ಕೂತಿತು. ಅವಳು ನನ್ನ ಹಗ್ಗ ಬಿಚ್ಚಿದಳು. ಯಾಕೆ ಬಿಚ್ಚಿದಳೋ ಅವಳಿಗೇ ಗೊತ್ತಿರಲಿಕ್ಕಿಲ್ಲ. ಗಂಟೆಯನ್ನು ಮನೆಗೆ ಒಯ್ಯಬೇಕು, ತೊಲೆಗೆ ಕಟ್ಟಬೇಕು, ಅದು ಕ್ರಮ. ನನ್ನನ್ನು ಎದೆಗೊತ್ತಿಕೊಂಡು ಮೇಲೆ ಹತ್ತಿ, ಒಂದು ಬಂಡೆಯ ಮರೆಯಲ್ಲಿ ಕುಸಿದಳು. ಒಡೆಯನ ಮುದ್ದಿನ ಹಸುವನ್ನು ಹುಲಿಗೆ ಬಿಟ್ಟು ಬಂದವಳಿಗೆ ಆ ಮನೆಯಲ್ಲಿ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು.

ಬೆದರಿದ ಮಂದೆ ತಾನೇ ಮನೆ ಸೇರಿತ್ತು. ಅದನ್ನು ಕಂಡು, ಆಳುಗಳ ಮೇಲೆ ಕಣ್ಣಿಡುವ ಮುಕಾದಮ ಲಾದ್ರು ಕಾಡಂಚಿಗೆ ಬಂದು ಕೂಗಿದ.

"ಓ ಜುಲ್ಯಾನಾ! ಎಲ್ಲಿ ಸತ್ತೆ?"

ಅವಳು ಓಗೊಡಲಿಲ್ಲ. ಕೈ ಮಾತ್ರ ತಾನಾಗಿ ನನ್ನನ್ನು ಅಲ್ಲಾಡಿಸಿತು. ಎಡಕ್ಕೊಂದು, ಬಲಕ್ಕೊಂದು.

"ಚಂದ್ರಿ ಸಂಗಡ ಇದ್ದೀಯಾ? ಬೇಗ ಹೊಡಕೊಂಡು ಬಾ, ಕತ್ತೆ! ಹಾಲು ಕರೆಯುವ ಹೊತ್ತಾಯ್ತು," ಎಂದು ಬೈದು ಲಾದ್ರು ಹಿಂತಿರುಗಿ ಹೋದ.

ಜುಲ್ಯಾನ ನನ್ನನ್ನೇ ನೋಡುತ್ತಾ ಕೂತಳು. ಅವಳ ಕಣ್ಣು ನಿಧಾನವಾಗಿ ಅಗಲವಾಗುವುದನ್ನು ನಾನು ಕಂಡೆ. ನಾನು ಮಾತಾಡುತ್ತಾ ಇರುವವರೆಗೆ ಯಾರೂ ಅವಳನ್ನು ಹುಡುಕುವುದಿಲ್ಲ. ಓಡಿಹೋಗುವವರೆಲ್ಲ ರಾತ್ರಿ ಓಡುತ್ತಿದ್ದರು. ರಾತ್ರಿಯಾದರೆ ನಾಯಿ ಬಿಡುತ್ತಿದ್ದರು. ಇವಳು ಹಾಡುಹಗಲಲ್ಲಿ, ಬಿಸಿಲು ನೋಡುತ್ತಾ, ನನ್ನನ್ನು ಮೆಲ್ಲಗೆ ಬಾರಿಸುತ್ತಾ ಘಟ್ಟ ಹತ್ತಿದಳು. ಕೆಳಗಿನ ಗದ್ದೆಗಳಲ್ಲಿದ್ದವರಿಗೆ ಎಲ್ಲೋ ಒಂದು ಹಸು ಮೇಯುತ್ತಾ ಮೇಯುತ್ತಾ ಮೇಲೆ ಹೋದ ಹಾಗೆ. ನನ್ನ ಸದ್ದು ಅಲ್ಲಿಗೆ ಮುಟ್ಟದಷ್ಟು ದೂರ ಬಂದ ಮೇಲೆ ಅವಳು ನಿಂತು, ಒಂದು ಮುತ್ತುಗದ ಎಲೆ ಕಿತ್ತು ಮುದುಡಿ, ನನ್ನ ಬಾಯಿಗೆ ತುಂಬಿದಳು. ಅದು ನನ್ನ ಮೊದಲ ಮೌನ. ಹಸಿ ಎಲೆಯ ಒಗರು ನಾಲಿಗೆಗೆ ಹತ್ತಿತು. ಅವಳು ನಡೆದಳು. ನಾನು ನಿದ್ದೆ ಹೋದೆ.

ಕಣ್ಣು ಬಿಟ್ಟಾಗ ಬೇರೆ ಕಾಡು. ಘಟ್ಟದ ಮೇಲೆ, ಕನ್ನಡ ಮಾತಾಡುವ ಸೀಮೆ. ಬಿದಿರಿನ ನಡುವೆ ಕೆಲವು ಗುಡಿಸಲು. ಅಲ್ಲಿದ್ದವರೂ ಹಿಂದೆ ಯಾವಾಗಲೋ ಕೆಳಗಿನಿಂದ ತಪ್ಪಿಸಿಕೊಂಡು ಬಂದವರೇ, ಸಿದ್ದಿಗಳು. ಅವಳ ಕೂದಲು, ಅವಳ ಮೂಗು, ಅವಳ ಭುಜದ ಮುದ್ರೆ ನೋಡಿ ಯಾರೂ ಏನೂ ಕೇಳಲಿಲ್ಲ. ಒಬ್ಬ ಮುದುಕಿ ಗಂಜಿ ಬಡಿಸಿ, "ಬಂದೆಯಲ್ಲ, ಮುಗೀತು. ಇನ್ನು ಕೆಳಗೆ ನೋಡಬೇಡ," ಎಂದಳು.

ಅವಳು ಕೆಳಗೇ ನೋಡಿದಳು. ಮಳೆಗಾಲವಿಡೀ ಬಾಗಿಲಲ್ಲಿ ಕೂತು ಪಶ್ಚಿಮದ ಮೋಡವನ್ನು ನೋಡಿದಳು. ಊಟಕ್ಕೆ ಕರೆದರೆ ಬರುವಳು, ಕೆಲಸಕ್ಕೆ ಕರೆದರೆ ಹೋಗುವಳು. ಯಾರೂ ಇಲ್ಲದಾಗ ನನ್ನನ್ನು ತೆಗೆದು, ಎಲೆ ಬಿಡಿಸದೆ, ಸುಮ್ಮನೆ ಅಲ್ಲಾಡಿಸುವಳು. ನಿನ್ನ ಬಿಟ್ಟು ಎಲ್ಲೂ ಹೋಗೂದಿಲ್ಲ ಎಂದಿದ್ದ ಮಾತು ನನ್ನೊಳಗೇ ಉಳಿದಿತ್ತು. ಅವಳು ಅಲ್ಲಾಡಿಸಿದಾಗಲೆಲ್ಲ ಅದು ಎಲೆಗೆ ಬಡಿದು ಹಿಂದೆ ಬರುತ್ತಿತ್ತು.

ಮಳೆ ನಿಂತ ಮೇಲೆ ಅವಳು ಕೆಳಗೆ ಇಳಿದಳು. ಭಾಟ್ಕಾರನ ಗದ್ದೆಗಳ ಮೇಲಿನ ಗುಡ್ಡದ ಪೊದೆಗಳಲ್ಲಿ ಅಡಗಿ, ಎಲೆ ತೆಗೆದು, ನನ್ನನ್ನು ತನ್ನ ಕೊರಳಿಗೇ ಕಟ್ಟಿಕೊಂಡಳು. ಕೈಯಲ್ಲಿ ಬಾರಿಸಿದರೆ ಸದ್ದು ಮನುಷ್ಯರದಾಗುತ್ತದೆ, ಅವಳಿಗೆ ಅದು ಗೊತ್ತಿತ್ತು. ಅವಳು ಬಾಗಿ ನಾಲ್ಕು ಹೆಜ್ಜೆ ಇಡುವಳು, ನಿಲ್ಲುವಳು, ಹುಲ್ಲು ಕಿತ್ತಂತೆ ತಲೆ ಎಳೆಯುವಳು, ನೊಣ ಕೊಡವಿದಂತೆ ಕತ್ತು ಒದರುವಳು. ಚಂದ್ರಿ ಹೇಗೆ ಮೇಯುತ್ತಿದ್ದಳೋ ಹಾಗೆಯೇ. ಒಮ್ಮೊಮ್ಮೆ ನನಗೇ ಮರೆತುಹೋಗುತ್ತಿತ್ತು. ಈ ಬಿಸಿ ಉಸಿರು, ಈ ಕೊರಳ ನಾಡಿ, ಇದು ಹಸುವೋ ಹೆಣ್ಣೋ? ಹುಲ್ಲಿನ ಮೇಲೆ ಬಿಸಿಲು ಅಲುಗುತ್ತಿತ್ತು. ಕೆಳಗೆ ಗದ್ದೆಯಲ್ಲಿ ಜನ ತಲೆ ಎತ್ತಿದರು.

ಮನೆಯಲ್ಲಿ ಏನಾಯಿತೆಂದು ನಾನು ನೋಡಲಿಲ್ಲ. ಆಮೇಲೆ ಬಂದವರು ಬೆಂಕಿಯ ಸುತ್ತ ಕೂತು ಹೇಳಿ ಹೇಳಿ ನಕ್ಕದ್ದನ್ನು ಕೇಳಿದ್ದೇನೆ. ಭಾಟ್ಕಾರ ಊಟದ ಎದುರಿನಿಂದ ಎದ್ದು ಓಡಿ ಬಂದನಂತೆ. "ಚಂದ್ರಿ! ನನ್ನ ಚಂದ್ರಿ ಬದುಕಿದ್ದಾಳೆ!" ಇನಾಸಜ್ಜ ಕೊಟ್ಟಿಗೆಯ ಕಂಬಕ್ಕೊರಗಿ ಕಣ್ಣು ಮುಚ್ಚಿದ್ದ. ಬಹಳ ಹೊತ್ತು ತೆರೆಯಲಿಲ್ಲ. ಮಕ್ಕಳ ಗುರುತು ಬೇರೆಯವರಿಗೆ ಸಿಗದಿರಬಹುದು, ಹೆತ್ತವರಿಗೆ ಸಿಗದೇ? ನನ್ನನ್ನು ಹಸು ಅಲ್ಲಾಡಿಸುತ್ತಿಲ್ಲ ಎಂದು ಅವನಿಗೆ ಮೊದಲ ಸದ್ದಿಗೇ ತಿಳಿದಿತ್ತು.

"ಹೌದು ಒಡೆಯರೇ, ಚಂದ್ರಿಯೇ," ಎಂದ. "ಹೋಗುವಾಗ ಗಬ್ಬ ಇದ್ದಳು. ಕಾಡಲ್ಲೇ ಈದಿರಬೇಕು. ಕರುವೂ ಜೊತೆಗಿರ್ತದೆ. ಆ ಹುಡುಗಿಯನ್ನು ಹುಲಿ ತಿಂದಿರಬೇಕು ಪಾಪ, ಹಸು ಉಳೀತು."

"ಕರುವೂ ಉಂಟೋ!" ಭಾಟ್ಕಾರನ ಮುಖ ಅರಳಿತಂತೆ. "ಯಾರಾದರೂ ಓಡ್ರೋ! ಹಿಡಕೊಂಡು ಬನ್ನಿ!"

ಮೊದಲು ಹಗ್ಗ ಹಿಡಿದು ಗುಡ್ಡ ಹತ್ತಿದವನು ಬಸ್ತ್ಯಾಂವ, ನೇಗಿಲು ಹೊಡೆಯುವ ಆಳು. "ಬಾ ಚಂದ್ರಿ, ಬಾರೇ ನನ್ನ ರಾಣಿ, ಭಾಟ್ಕಾರ ಊಟ ಬಿಟ್ಟು ಕೂತಿದ್ದಾನೆ," ಎಂದು ಪುಸಲಾಯಿಸುತ್ತಾ ಪೊದೆ ಸರಿಸಿದ. ಎದುರಿಗೆ ಕೊರಳಲ್ಲಿ ಗಂಟೆ ಕಟ್ಟಿಕೊಂಡ ಜುಲ್ಯಾನ. ಅವನ ಕೈಯ ಹಗ್ಗ ಕೆಳಗೆ ಬಿತ್ತು. ಶಿಲುಬೆಯ ಗುರುತು ಮಾಡಿಕೊಂಡು ಎರಡು ಹೆಜ್ಜೆ ಹಿಂದೆ ಸರಿದ.

"ದೆವ್ವ ಅಲ್ಲ ಮಾರಾಯ. ನಾನೇ."

ಅವನು ಅವಳನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದ. "ಅಯ್ಯೋ ಚಂದ್ರಿ," ಎಂದ ಕೊನೆಗೆ, "ಕಾಡು ಸೇರಿ ಎರಡು ಕಾಲು ಕಳಕೊಂಡ್ಯಲ್ಲೇ!"

ಇಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ನಗುವಾಗಲೇ ಇಬ್ಬರ ಕಣ್ಣಲ್ಲೂ ನೀರು. ಆಮೇಲೆ ಅವನು ಕೆಳಗಿನ ಹೊಗೆಯಾಡುವ ಮನೆಯನ್ನೊಮ್ಮೆ ತಿರುಗಿ ನೋಡಿ, ಹಗ್ಗವನ್ನು ಅಲ್ಲೇ ಬಿಟ್ಟು, ಅವಳ ಹಿಂದೆ ನಡೆದ.

ಬಸ್ತ್ಯಾಂವ ಬಾರದಿದ್ದಾಗ ಇನಾಸಜ್ಜ, "ಕರು ಹಾಕಿದ ಹಸು ಒಬ್ಬನ ಕೈಗೆ ಸಿಗೂದಿಲ್ಲ ಒಡೆಯರೇ, ಹಾಯ್ದು ಬೀಳಿಸಿರಬೇಕು. ಇಬ್ಬರನ್ನು ಕಳಿಸಿ," ಎಂದ. ಇಬ್ಬರು ಬಂದರು. ಅವರೂ ಹಿಂತಿರುಗಲಿಲ್ಲ. ಕೆಲವು ತಿಂಗಳು ಸುಮ್ಮನಿದ್ದು ಜುಲ್ಯಾನ ಮತ್ತೆ ಇಳಿದಳು, ಮತ್ತೆ ಗುಡ್ಡದ ಮೇಲೆ ಚಂದ್ರಿ ಮೇದಳು, ಮತ್ತೆ ಒಡೆಯನ ಆಸೆ ಚಿಗುರಿತು. ತನ್ನ ಗುಲಾಮರನ್ನು ತಾನೇ ಕೈಯಾರೆ ಕಾಡಿಗೆ ಕಳಿಸುತ್ತಿದ್ದೇನೆಂದು ಅವನಿಗೆ ಹೊಳೆಯಲೇ ಇಲ್ಲ. ನನ್ನ ಹಿಂದೆ ನಡೆದು ಬಂದವರಲ್ಲಿ ಗಂಡ ಹೆಂಡತಿ ಇದ್ದರು, ಹಾಲುಗಲ್ಲದ ಮಗುವನ್ನು ಹುಲ್ಲಿನ ಹೊರೆಯಲ್ಲಿ ಅಡಗಿಸಿ ತಂದ ತಾಯಿಯಿದ್ದಳು. ಬಂದವರನ್ನೆಲ್ಲ ಜುಲ್ಯಾನ ಮೊದಲು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ.

"ಆನ್ನು ಹೇಗಿದ್ದಾಳೆ?"

ಆನ್ನು ಇದ್ದಾಳೆ. ಕಿಟಕಿಯ ಹತ್ತಿರ ಕೂತು ದೊಡ್ಡಮ್ಮನಿಗೆ ಗಾಳಿ ಬೀಸುತ್ತಾಳೆ. ಗಂಟೆ ಕೇಳಿದರೆ ಬೀಸಣಿಗೆ ಕೈಯಿಂದ ಜಾರುತ್ತದೆ. ಅಕ್ಕ ಸತ್ತಳೆಂದೇ ನಂಬಿದ್ದಾಳೆ. "ಅವಳಿಗೆ ಹೇಳಬೇಡಿ ಅಂದ ಇನಾಸಜ್ಜ," ಎಂದಳು ಹುಲ್ಲಿನ ಹೊರೆಯ ಹೆಂಗಸು. "ಅವಳ ಮೋರೆಯಲ್ಲಿ ಯಾವ ಗುಟ್ಟೂ ನಿಲ್ಲೂದಿಲ್ಲ. ಅವಳು ಒಂದು ಸಲ ನಕ್ಕರೆ ಸಾಕು, ಎಲ್ಲರ ಬೆನ್ನ ಚರ್ಮ ಹೋಗ್ತದೆ ಅಂದ."

"ಅಜ್ಜ ತಾನೇ ಯಾಕೆ ಬರೂದಿಲ್ಲವಂತೆ?"

"ಕೇಳಿದೆ. ನಾ ಬಂದರೆ ಅದು ಚಂದ್ರಿ ಅಂತ ಹೇಳೋರು ಯಾರು ಅಂತ ನಗಾಡಿದ. ಮೊಣಕಾಲೂ ಹೋಗಿದೆ ಅವನದು."

ಜುಲ್ಯಾನ ಅಂದು ಏನೂ ಉಣ್ಣಲಿಲ್ಲ. ತಂಗಿಯೊಬ್ಬಳ ಸಲುವಾಗಿ ಬಾರಿಸಿದ ಗಂಟೆಗೆ ಊರೆಲ್ಲ ಬರುತ್ತಿದೆ. ತಂಗಿಯೊಬ್ಬಳು ಬರುತ್ತಿಲ್ಲ. ಮನೆಯೊಳಗಿನ ಆಳನ್ನು ಹಸು ಹುಡುಕಲು ಯಾರು ಕಳಿಸುತ್ತಾರೆ?

ಭಾಟ್ಕಾರನಿಗೂ ಕೊನೆಗೆ ಅನುಮಾನ ಹುಟ್ಟಿತು. ಇನ್ನು ಯಾರೂ ಗುಡ್ಡ ಹತ್ತಕೂಡದು ಎಂದ. ಗಂಟೆ ಕೇಳಿದರೆ ಬಾಗಿಲು ಹಾಕಿಕೊಳ್ಳುತ್ತಿದ್ದನಂತೆ. ಆದರೂ ಹಾಲಿನ ಲೋಟ ಎತ್ತಿದಾಗಲೆಲ್ಲ ಗುಡ್ಡದ ಕಡೆ ನೋಡುವನಂತೆ. ಇನಾಸಜ್ಜ ಅದಕ್ಕೇ ಕಾಯುತ್ತಿದ್ದ.

"ಒಡೆಯರೇ, ನಮ್ಮ ಗಂಡಸರ ಬೆವರಿನ ವಾಸನೆಗೇ ಅವಳು ದೂರ ಓಡ್ತಾಳೆ. ಚಂದ್ರಿಗೆ ಗೊತ್ತಿರುವುದು ಒಂದೇ ಕೈ. ದಿನಾ ಅಕ್ಕಚ್ಚು ಕೊಟ್ಟ ಕೈ. ಆನ್ನು ಮಡಕೆ ಹಿಡಕೊಂಡು ಹೋಗಿ ಕರೆದರೆ ಕರುವಿನ ಸಮೇತ ತಾನೇ ಬರ್ತಾಳೆ."

ಭಾಟ್ಕಾರ ಒಪ್ಪಿದ. ಆದರೆ ಆನ್ನುವಿನ ಸೊಂಟಕ್ಕೆ ಹಗ್ಗ ಕಟ್ಟಿ ತುದಿಯನ್ನು ಲಾದ್ರುವಿನ ಕೈಗೆ ಕೊಟ್ಟ.

ಇದೊಂದೂ ಜುಲ್ಯಾನಳಿಗೆ ಗೊತ್ತಿರಲಿಲ್ಲ. ಆ ಮಧ್ಯಾಹ್ನ ಅವಳು ಸೋತ ಮನಸ್ಸಿನಿಂದ, ಯಾರೂ ಬರಲಾರರೆಂದುಕೊಂಡೇ ಮೇಯುತ್ತಿದ್ದಳು. ಮಂಜು ಕರಗಿ, ಮರದ ಎಲೆಗಳಿಂದ ಬೆಳಕು ತೊಟ್ಟಿಕ್ಕುತ್ತಿತ್ತು. ಕೆಳಗಿನಿಂದ ರಾಗವಾಗಿ ಒಂದು ಕರೆ ತೇಲಿ ಬಂತು.

"ಚಂದ್ರೀ, ಅಕ್ಕಚ್ಚು!"

ಅವಳ ಗಂಟಲು ನನ್ನ ಬೆನ್ನಿಗೆ ತಾಗಿಕೊಂಡಿತ್ತು. ಅದರೊಳಗೆ ಒಂದು ಹೆಸರು ಹುಟ್ಟಿ, ಮೇಲೆ ಬಂದು, ಹಲ್ಲಿನ ಹಿಂದೆ ನಿಂತು, ಮತ್ತೆ ಕೆಳಗಿಳಿದದ್ದು ನನಗೆ ತಿಳಿಯಿತು. ಎಲೆಗಳ ಸಂದಿನಲ್ಲಿ ಆನ್ನು ಕಂಡಳು. ದೊಡ್ಡವಳಾಗಿದ್ದಳು. ಎರಡೂ ಕೈಯಲ್ಲಿ ಹಿಡಿದ ಒಂದು ಮಡಕೆ. ಸೊಂಟದ ಹಗ್ಗದ ಆ ತುದಿಯಲ್ಲಿ ಲಾದ್ರು, ಅವನ ಇನ್ನೊಂದು ಕೈಯಲ್ಲಿ ಕತ್ತಿ.

"ಹತ್ತಿರವೇ ಉಂಟು. ಇನ್ನೂ ಕರಿ," ಎಂದ ಲಾದ್ರು.

"ಕರೀತಾ ಇದ್ದೇನಲ್ಲ! ನೀನು ಹೀಗೆ ಎಳೆದರೆ ಅಕ್ಕಚ್ಚು ಚೆಲ್ತದೆ," ಎಂದಳು ಆನ್ನು.

ಜುಲ್ಯಾನ ಕದಲಲಿಲ್ಲ. ನಾನು ಒಂದು ಸಣ್ಣ ಸದ್ದು ಮಾಡಿದರೂ ಲಾದ್ರು ಪೊದೆ ಸರಿಸುತ್ತಾನೆ. ಸದ್ದು ಮಾಡದಿದ್ದರೆ ಆನ್ನುವನ್ನು ಎಳೆದುಕೊಂಡು ಹಿಂದೆ ಹೋಗುತ್ತಾನೆ, ಮತ್ತೆಂದೂ ಕಳಿಸುವುದಿಲ್ಲ. ಅವಳ ಎರಡು ಕೈಗಳು ನಿಧಾನವಾಗಿ ಮೇಲೆ ಬಂದು ನನ್ನನ್ನು ಹಿಡಿದವು. ಅವಳು ಏನು ಮಾಡಲಿದ್ದಾಳೆಂದು ನನಗೆ ಗೊತ್ತಾಯಿತು. ಬೇಡ ಎನ್ನಬೇಕೆನ್ನಿಸಿತು. ಒಂದು ಸಲ ಹೇಳಿದ ಮಾತು ಅದು, ನನ್ನ ಚಂದ್ರಿಯ ಕೊನೆಯ ಮಾತು. ಅದನ್ನು ಇನ್ನೊಮ್ಮೆ ಹೇಳಲು ನನ್ನಿಂದಾಗದು.

ಅವಳು ನನ್ನನ್ನು ಒಮ್ಮೆ, ಒಂದೇ ಒಮ್ಮೆ, ಹುಚ್ಚು ಹಿಡಿದಂತೆ ಒದರಿಸಿ, ನಾಲಿಗೆಗಳನ್ನು ಮುಷ್ಟಿಯಲ್ಲಿ ಹಿಡಿದು ನಿಲ್ಲಿಸಿಬಿಟ್ಟಳು.

ಕಾಡೆಲ್ಲ ಸ್ತಬ್ಧವಾಯಿತು. ಹಕ್ಕಿಗಳೂ ಆ ಸದ್ದನ್ನು ಬಲ್ಲವು.

"ಹುಲಿ!" ಎಂದ ಲಾದ್ರು. ಮೊದಲು ಪಿಸುಮಾತಲ್ಲಿ, ಆಮೇಲೆ ಗಂಟಲು ಹರಿಯುವಂತೆ. ಹಗ್ಗ ಬಿಟ್ಟ, ಕತ್ತಿ ಬಿಟ್ಟ. "ಓಡೇ ಆನ್ನು! ಓಡು!" ಎಂದು ಕೂಗುತ್ತಾ ಇಳಿಜಾರಿನಲ್ಲಿ ಉರುಳಿಕೊಂಡೇ ಹೋದ. ಅಷ್ಟಾದರೂ ಕೂಗಿದನಲ್ಲ ಎಂದು ಜುಲ್ಯಾನ ಮುಂದೆ ಅವನ ಬಗ್ಗೆ ಒಳ್ಳೆಯ ಮಾತಾಡುತ್ತಿದ್ದಳು.

ಆನ್ನು ಓಡಲಿಲ್ಲ. ಮಡಕೆ ಹಿಡಿದುಕೊಂಡು, ಹಗ್ಗವನ್ನು ಹಿಂದೆ ಎಳೆದುಕೊಂಡು, ಸದ್ದು ನಿಂತ ಕಡೆಗೇ ನಡೆದು ಬಂದಳು. ಅವಳ ತುಟಿ ಅಲುಗುತ್ತಿತ್ತು. "ಅಕ್ಕನ್ನ ತಿಂದೆ. ಚಂದ್ರೀನ ತಿಂದೆ. ನನ್ನೊಬ್ಬಳನ್ನ ಯಾಕೆ ಬಿಟ್ಟೆ?" ಎಂದು ಕಾಣದ ಹುಲಿಯನ್ನು ಕೇಳುತ್ತಿದ್ದಳು. ಪೊದೆ ಸರಿಯಿತು.

ಅಕ್ಕತಂಗಿಯರು ಅಪ್ಪಿಕೊಂಡರು ಎಂದು ನೀವು ಅಂದುಕೊಳ್ಳಬಹುದು. ಇಲ್ಲ. ಆನ್ನು ಕಣ್ಣು ಪಿಳುಕಿಸದೆ ನೋಡಿ, ಮಡಕೆಯಲ್ಲಿದ್ದ ಅಕ್ಕಚ್ಚನ್ನೆಲ್ಲ ಅಕ್ಕನ ಮೋರೆಗೆ ಎರಚಿದಳು. ಮಡಕೆ ಕಲ್ಲಿಗೆ ಬಡಿದು ಚೂರಾಯಿತು.

"ನನ್ನ ಬಿಟ್ಟು ಎಲ್ಲೂ ಹೋಗೂದಿಲ್ಲ ಅಂದಿದ್ದೆ! ನಿನ್ನ ಹೆಸರಲ್ಲಿ ಎಷ್ಟು ಮೇಣದ ಬತ್ತಿ ಹಚ್ಚಿದೆ ಗೊತ್ತುಂಟಾ? ಅದೂ ದೊಡ್ಡಮ್ಮನ ಬತ್ತಿ ಕದ್ದು!"

"ಬಂದೆನಲ್ಲೇ," ಎಂದಳು ಜುಲ್ಯಾನ. ಅವಳ ರೆಪ್ಪೆಯಿಂದ ತೌಡು ಇಳಿಯುತ್ತಿತ್ತು. "ನಿನ್ನ ಕರಕೊಂಡು ಹೋಗೂಕೆ ಬಂದೆನಲ್ಲ."

ಆಗ ಆನ್ನು ಅತ್ತಳು. ಸದ್ದಾಗಬಾರದೆಂದು ಅಕ್ಕನ ಭುಜಕ್ಕೆ, ಆ ಮುದ್ರೆಯ ಮೇಲೆ, ಬಾಯಿ ಒತ್ತಿಕೊಂಡು ಅತ್ತಳು. ನಾನು ಇಬ್ಬರ ನಡುವೆ ಸಿಕ್ಕಿಕೊಂಡಿದ್ದೆ. ಅಲ್ಲಾಡಲು ಜಾಗವೇ ಇರಲಿಲ್ಲ.

ಹಗ್ಗ ಬಿಚ್ಚಿ, ಒಡೆದ ಮಡಕೆಯ ಹತ್ತಿರ ಬಿಸುಟು, ಅವರು ಘಟ್ಟ ಹತ್ತಿದರು. ದಾರಿಯಲ್ಲಿ ಒಂದು ಕಡೆ ನೀರು ಕುಡಿಯಲು ನಿಂತಾಗ ಆನ್ನುವಿಗೆ ನೆನಪಾಯಿತು.

"ಹೊರಡುವಾಗ ಇನಾಸಜ್ಜ ಬಾಗಿಲಿಗೆ ಬಂದಿದ್ದ. ಹೋಗಿ ಬಾ ಅನ್ನಲಿಲ್ಲ. ತಲೆ ಸವರಿ, ಚಂದ್ರಿ ಸಿಕ್ಕಿದರೆ ಇನ್ನು ಸುಮ್ಮನಿರೂಕೆ ಹೇಳು ಅಂದ. ಹಸುವಿಗೆ ಹೇಳೂದಂತೆ! ವಯಸ್ಸಾಯ್ತು ಅವನಿಗೆ."

ಜುಲ್ಯಾನ ಬೊಗಸೆಯ ನೀರನ್ನು ಕುಡಿಯದೆ ಕೂತಳು. ನೀರು ಬೆರಳ ಸಂದಿನಿಂದ ಸೋರಿ ಹೋಯಿತು. ಅವಳಿಗೆ ಅರ್ಥವಾಗಿತ್ತು. ಚಂದ್ರಿಯನ್ನೂ ಆನ್ನುವನ್ನೂ ಹುಲಿ ತಿಂದಿತೆಂದು ಲಾದ್ರು ಈಗ ಊರಿಗೆಲ್ಲ ಹೇಳಿರುತ್ತಾನೆ. ಸತ್ತವರನ್ನು ಯಾರೂ ಹುಡುಕುವುದಿಲ್ಲ. ಆದರೆ ಆ ಗುಡ್ಡಗಳಲ್ಲಿ ಇನ್ನೊಮ್ಮೆ ನನ್ನ ಸ್ವರ ಕೇಳಿದರೆ, ಯಾವ ದಾರಿಹೋಕನ ಕಿವಿಗೆ ಬಿದ್ದು ಆ ಮನೆ ಮುಟ್ಟಿದರೂ, ಸತ್ತ ಹಸು ಹೇಗೆ ಮೇಯುತ್ತದೆ ಎಂದು ಭಾಟ್ಕಾರ ಕೇಳುತ್ತಾನೆ. ಆಗ ಅವನು ತಿರುಗಿ ನೋಡುವುದು ಒಬ್ಬನನ್ನೇ. ಪ್ರತಿ ಸಲವೂ ಇದು ಚಂದ್ರಿಯೇ ಎಂದು ಹೇಳಿದ ಮುದುಕನನ್ನು.

ಹಾಗಾಗಿ ಅವಳು ಅಲ್ಲೇ ಒಂದು ಮುತ್ತುಗದ ಎಲೆ ಕಿತ್ತು ನನ್ನ ಬಾಯಿಗೆ ಇಟ್ಟಳು. ಈ ಸಲ ಬೆರಳಿನಿಂದ ಒತ್ತಿ ಒತ್ತಿ ತುಂಬಿದಳು.

ಆಮೇಲೆ ಅವಳು ಸುಮ್ಮನೆ ಕೂರಲಿಲ್ಲ. ಘಟ್ಟದ ಕೆಳಗಿನ ಬೇರೆ ಬೇರೆ ಒಡೆಯರ ಮಂದೆಗಳ ಸ್ವರವನ್ನು ಮರೆಯಲ್ಲಿ ನಿಂತು ಕೇಳಿ, ಬಾಯಲ್ಲೇ ಗುನುಗುತ್ತಾ ಹಿಂತಿರುಗಿ, ಬಸ್ತ್ಯಾಂವನಿಂದ ಹಾಗೆಯೇ ಗಂಟೆ ಕೆತ್ತಿಸುತ್ತಿದ್ದಳು. ಅವನು ಕೆತ್ತಿದ್ದು ಮೊದಮೊದಲು ಡೊಳ್ಳಿನಂತೆ ಕೇಳುತ್ತಿತ್ತು. "ಇದು ಹಸುವಲ್ಲ ಮಾರಾಯ, ಎಮ್ಮೆ ಕೆಸರಿಗೆ ಬಿದ್ದ ಹಾಗಿದೆ," ಎಂದು ಆನ್ನು ಅಣಕಿಸುತ್ತಿದ್ದಳು. ನಿಧಾನವಾಗಿ ಕಲಿತ. ಆ ಗಂಟೆಗಳು ಇನ್ನೂ ಎಷ್ಟೋ ಜನರನ್ನು ಮೇಲೆ ಕರೆದು ತಂದವು. ಒಂದೊಂದೂ ಬಂದು ಅವಳ ಗುಡಿಸಲಿನ ತೊಲೆ ಸೇರಿತು. ಗಾಳಿ ಬಂದರೆ ಅವೆಲ್ಲ ಮಾತಾಡುವವು. ನಾನು ಕೇಳುತ್ತಿದ್ದೆ.

ಹೊಸದಾಗಿ ಬಂದವರನ್ನು ಅವಳು ವಿಚಾರಿಸುತ್ತಿದ್ದಳು. "ಇನಾಸ ಅಂತ ಒಬ್ಬ ಮುದುಕ. ಹೊಳೆದಂಡೆಯ ಭಾಟ್ಕಾರನ ಮನೆ." ಯಾರಿಗೂ ಗೊತ್ತಿರಲಿಲ್ಲ. ಆ ಮನೆಯಿಂದ ಮತ್ತೆ ಯಾರೂ ಬರಲಿಲ್ಲ. ಕೂದಲು ಹಣ್ಣಾದ ಆನ್ನು ಒಂದು ಸಂಜೆ, "ಅಷ್ಟು ವಯಸ್ಸಾಗಿತ್ತಲ್ಲ ಅಕ್ಕ. ಯಾವತ್ತೋ ಸತ್ತಿರ್ತಾನೆ. ಒಂದು ಸಲ ಎಲೆ ತೆಗೆದು ಬಾರಿಸು, ನಮ್ಮ ಮಕ್ಕಳು ಕೇಳಲಿ," ಎಂದಳು.

ಜುಲ್ಯಾನ ನನ್ನನ್ನು ಮಡಿಲಲ್ಲಿ ಇಟ್ಟುಕೊಂಡು ಬಹಳ ಹೊತ್ತು ಸವರಿದಳು.

"ಸತ್ತ ಸುದ್ದಿ ಬಂದಿಲ್ಲ," ಎಂದಳು.

ಅವಳು ಹೋಗಿ ಎಷ್ಟೋ ತಲೆಮಾರು ಕಳೆದವು. ತೊಲೆಯ ಗಂಟೆಗಳನ್ನು ಗೆದ್ದಲು ತಿಂದಿತು. ನನ್ನನ್ನು ಮಾತ್ರ ಒಲೆಯ ಹೊಗೆಯೂ ಎಣ್ಣೆಯ ಕೈಗಳೂ ಉಳಿಸಿವೆ. ಮನೆಯ ಒಂದು ಮೂಲೆಯಲ್ಲಿ, ಹಿರಿಯರಿಗೆಂದು ತೆಂಗಿನಕಾಯಿ ಇಡುವ ಜಾಗದಲ್ಲಿ ನಾನಿದ್ದೇನೆ. ವರ್ಷಕ್ಕೊಮ್ಮೆ, ಹಿರಿಯರಿಗೆ ಎಡೆ ಇಡುವ ದಿನ, ಮನೆಯ ಹೆಂಗಸು ನನ್ನ ಬಾಯಿಂದ ಒಣಗಿದ ಎಲೆ ತೆಗೆದು ಹಸಿಯದನ್ನು ತುಂಬುತ್ತಾಳೆ. ಯಾಕೆ ಎಂದು ಈಗ ಯಾರಿಗೂ ಗೊತ್ತಿಲ್ಲ. ಮೊನ್ನೆ ಮದುವೆಯಾಗಿ ಬಂದ ಸೊಸೆ ಕೇಳಿದಳು, "ಇದನ್ನ ಬಾರಿಸೂದೇ ಇಲ್ವಾ ಅತ್ತೆ?"

"ಇಲ್ಲ ಮಗಾ. ನಮ್ಮಲ್ಲಿ ಕ್ರಮ ಇಲ್ಲ."

ಹಳೆಯ ಎಲೆ ಹೋಗಿ ಹೊಸದು ಬರುವ ನಡುವೆ ಒಂದು ಗಳಿಗೆ ನನ್ನ ಬಾಯಿ ಬರಿದಾಗಿರುತ್ತದೆ. ಬಾಗಿಲಿನಿಂದ ಗಾಳಿ ಒಳಗೆ ಬರುತ್ತದೆ. ನಾಲಿಗೆಗಳು ಅಲುಗುತ್ತವೆ, ಇನ್ನೇನು ತಾಗಬೇಕು. ಆಗ ನನಗೆ ಘಟ್ಟದ ಕೆಳಗಿನ ಒಂದು ಸಂಜೆ ಕಾಣುತ್ತದೆ. ಕೊಟ್ಟಿಗೆಯ ಕಂಬಕ್ಕೊರಗಿ ಒಬ್ಬ ಮುದುಕ ಕಣ್ಣು ಮುಚ್ಚಿ ಕೂತಿದ್ದಾನೆ. ಕೆಂಪಿ ಬಂದಳು, ಬೋಳಿ ಬಂದಳು, ಕುಂಟುವ ಹೋರಿಯೂ ಬಂತು. ಅವನು ಕಣ್ಣು ತೆರೆಯುವುದಿಲ್ಲ. ಕತ್ತು ಸ್ವಲ್ಪ ವಾರೆ ಮಾಡಿ, ಗುಡ್ಡದ ಕಡೆ ಕಿವಿಯಿಟ್ಟು, ಬಾರದ ಒಂದು ಸದ್ದನ್ನು ಕೇಳುತ್ತಾ ಮೆಲ್ಲಗೆ ನಗುತ್ತಿದ್ದಾನೆ.

ನಾನು ನಾಲಿಗೆಗಳನ್ನು ಬಿಗಿ ಹಿಡಿದು, ಎಲೆಗಾಗಿ ಕಾಯುತ್ತೇನೆ.